ರಾಶಿಯ ಧೂಳು, ನಸುಕಿನ ದಮ್ಮು

ಮಹಾನವಮಿಯ ಹಿಂದುಮುಂದು ಬೀದರ್ ಜಿಲ್ಲೆಯ ನಮ್ಮ ಘಾಟಬೋರಾಳದ ಹೊಲಗಳಲ್ಲಿ ಸೋಯಾ ರಾಶಿ ಸುರುವಾಗುತ್ತದೆ. ಕೊಯ್ದು ಒಟ್ಟಿದ ಬಣವೆಯ ಪಕ್ಕಕ್ಕೆ ಟ್ರ್ಯಾಕ್ಟರು, ಅದರ ಬೆನ್ನಿಗೆ ರಾಶಿ ಮಷಿನ್. ಸೋಯಾ ಗಿಡವನ್ನು ಮಷಿನ್ನಿನ ಬಾಯಿಗೆ ಕೊಟ್ಟರೆ ಒಂದು ಕಡೆ ಕಾಳು ಸುರಿಯುತ್ತದೆ, ಇನ್ನೊಂದು ಕಡೆ ಹೊಟ್ಟು ಹಾರುತ್ತದೆ. ನಡುವೆ ನಿಂತವರ ಹುಬ್ಬು, ಮೀಸೆ, ತಲೆಯ ರುಮಾಲು ಎಲ್ಲ ಒಂದೇ ಬಣ್ಣಕ್ಕೆ ತಿರುಗುತ್ತವೆ. ನನ್ನ ಕಾಕಾ ಅಲ್ಲಿ ನಿಲ್ಲುತ್ತಿದ್ದರು. ಮಷಿನ್ ನಿಲ್ಲಿಸಿ ಚಹಾ ಕುಡಿಯುವ ಹೊತ್ತಿಗೆ ನಾಲ್ಕು ಸೀನು, ಎದೆಯಲ್ಲಿ ಒಂದಿಷ್ಟು ಬಿಗಿತ. ತಾಸೊಪ್ಪತ್ತಿನಲ್ಲಿ ಅದೂ ಇಳಿದು, ಸಂಜೆಗೆ ಚೀಲ ಹೊರುವಷ್ಟು ಗಟ್ಟಿಯಾಗಿರುತ್ತಿದ್ದರು. ರೊಟ್ಟಿ ಉಂಡು ಮಲಗಿದವರು ರಾತ್ರಿ ಮೂರರ ಸುಮಾರಿಗೆ ಎದ್ದು ಕೂತಿರುತ್ತಿದ್ದರು. ಎರಡೂ ಕೈ ಮಂಚದ ಅಂಚಿಗೆ ಊರಿ, ಹೆಗಲು ಮೇಲೆತ್ತಿ, ಒಂದೊಂದೇ ಉಸಿರನ್ನು ಒಳಗಿನಿಂದ ತಳ್ಳುವ ಆ ಸುಂಯ್ ಸುಂಯ್ ಸದ್ದಿಗೆ ಮನೆಮಂದಿಯೆಲ್ಲ ಎಚ್ಚರಾಗುತ್ತಿದ್ದೆವು.

‘ಧೂಳ ಕುಡ್ದಿದ್ದು ಹಗಲಿಗಿ, ದಮ್ಮ ಹತ್ತೂದು ರಾತ್ರಿಗಿ. ಇದ್ಯಾವ ಲೆಕ್ಕ ತಮ್ಮಾ?’ ಎಂದು ಅವರು ಒಮ್ಮೆ ಕೇಳಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಹಗಲಿಗೂ ಆ ನಸುಕಿಗೂ ನಡುವಿನ ಹತ್ತು ಹನ್ನೆರಡು ತಾಸುಗಳಲ್ಲಿ ಎದೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ದಮ್ಮಿನ ಬ್ಯಾನಿ, ಅಂದರೆ ಅಸ್ತಮಾ, ಅರ್ಧ ತಿಳಿದಂತೆ. ಅದಕ್ಕೆ ಯಾವ ಔಷಧ ಏಕೆ ಬೇಕು ಎಂಬುದೂ ಅಲ್ಲಿಯೇ ಇದೆ.

ಕರ್ನಾಟಕದಲ್ಲಿ ಅತಿ ಹೆಚ್ಚು ಸೋಯಾ ಬೆಳೆಯುವ ಜಿಲ್ಲೆ ಬೀದರ್. ಹುಮನಾಬಾದ್, ಬಸವಕಲ್ಯಾಣದ ಕಪ್ಪು ನೆಲದಲ್ಲಿ ಹೆಸರು, ಉದ್ದು, ತೊಗರಿಗಳ ಸಾಲಿಗೆ ಸೋಯಾ ಬಂದು ಸೇರಿ ಈಗ ಮುಂಗಾರಿನ ಮುಖ್ಯ ಪೀಕಾಗಿದೆ. ಈ ಕಾಳಿನ ಧೂಳಿಗೂ ದಮ್ಮಿಗೂ ಇರುವ ನಂಟು ಎದ್ದು ಕಂಡದ್ದು ಮಾತ್ರ ಹೊಲವೇ ಇಲ್ಲದ ಊರಿನಲ್ಲಿ, ಸ್ಪೇನಿನ ಬಂದರು ಬಾರ್ಸಿಲೋನಾದಲ್ಲಿ. 1981ರಿಂದ 1987ರವರೆಗೆ ಅಲ್ಲಿ 26 ದಿನಗಳಂದು ಆಸ್ಪತ್ರೆಗಳ ತುರ್ತು ಕೋಣೆಗಳು ಒಮ್ಮೆಲೇ ದಮ್ಮಿನ ರೋಗಿಗಳಿಂದ ತುಂಬಿಹೋದವು. ಹಿಂದಿನ ದಿನ ಖಾಲಿ, ಮರುದಿನ ಖಾಲಿ, ಆ ದಿನ ಮಾತ್ರ ನೂಕುನುಗ್ಗಲು. ವೈದ್ಯರು ಬಂದರಿನ ದಫ್ತರ ತೆಗೆದು ತಾಳೆ ನೋಡಿದಾಗ ಆ ದಿನಗಳಂದೆಲ್ಲ ಹಡಗಿನಿಂದ ಸೋಯಾ ಇಳಿಸಿದ್ದು ಕಂಡಿತು. ಕಾಳು ತುಂಬುವ ಉಗ್ರಾಣದ ಕೊಳವೆಯ ತುದಿಗೆ ಧೂಳು ಹಿಡಿಯುವ ಜಾಲರಿ ಇರಲಿಲ್ಲ. ಸಿಪ್ಪೆಯ ಸಣ್ಣ ಧೂಳು ಗಾಳಿಗೆ ಬಿದ್ದು ಊರ ಮೇಲೆ ಇಳಿಯುತ್ತಿತ್ತು. 1989ರಲ್ಲಿ ಈ ಶೋಧ ಪ್ರಕಟವಾಯಿತು. ರೋಗಿಗಳ ರಕ್ತ ಪರೀಕ್ಷಿಸಿದಾಗ ಬಹುಪಾಲು ಜನರಲ್ಲಿ ಸೋಯಾ ವಿರುದ್ಧದ ಐಜಿಇ ಎಂಬ ಪ್ರತಿಕಾಯ ಸಿಕ್ಕಿತ್ತು. ಬೇರೆ ದಿನಗಳಂದು ದಮ್ಮು ಹತ್ತಿ ಬಂದ ರೋಗಿಗಳಲ್ಲಿ ಅದು ಅಪರೂಪ.

ಧೂಳು ಎಲ್ಲರ ಮೂಗಿಗೂ ಹೋಗಿತ್ತು. ದಮ್ಮು ಹತ್ತಿದ್ದು ಆ ಧೂಳಿನ ಗುರುತು ಹಿಡಿದಿಟ್ಟುಕೊಂಡ ಮೈಗಳಿಗೆ ಮಾತ್ರ. ಘಾಟಬೋರಾಳದಲ್ಲೂ ಒಂದೇ ಮಷಿನ್ನಿನ ಮುಂದೆ ಹತ್ತು ಜನ ನಿಂತರೆ ಒಬ್ಬರೋ ಇಬ್ಬರೋ ರಾತ್ರಿ ಎದ್ದು ಕೂಡುತ್ತಾರೆ.

ಈ ಗುರುತು ಬೀಳುವುದು ಹೇಗೆ? ಗಂಟಲಿನಿಂದ ಇಳಿದ ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆಯುತ್ತದೆ. ಅದರ ಒಳಮೈಗೆ ಒಂದು ತೆಳು ಪದರ, ಪದರದ ಮೇಲೆ ಲೋಳೆ, ಕೆಳಗೆ ಉಂಗುರದಂತೆ ಸುತ್ತಿದ ಸ್ನಾಯು. ಈ ಒಳಪದರವನ್ನು ಬಹಳ ಕಾಲ ಬರೀ ಗಿಲಾಯಿ ಎಂದೇ ತಿಳಿದಿದ್ದರು. ಈಗ ತಿಳಿದಿರುವಂತೆ ಮೊದಲು ಡಂಗುರ ಸಾರುವುದು ಇದೇ. ಧೂಳಿನಲ್ಲಿರುವ ಕಿಣ್ವಗಳೋ ಬೂಷ್ಟಿನ ಬೀಜಕಣಗಳೋ ಹೊಗೆಯೋ ತಾಗಿ ಗಾಯವಾದಾಗ ಈ ಪದರದ ಕೋಶಗಳು ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33, ಇಂಟರ್‌ಲ್ಯೂಕಿನ್-25 ಎಂಬ ರಾಸಾಯನಿಕಗಳನ್ನು ಹೊರಬಿಡುತ್ತವೆ. ಆ ಡಂಗುರ ಕೇಳುವ ಕೋಶಗಳಲ್ಲಿ ಒಂದು ಡೆಂಡ್ರೈಟಿಕ್ ಕೋಶ. ಬೇರಿನಂಥ ಕೈಗಳನ್ನು ಚಾಚಿಕೊಂಡು ಪದರದ ಅಡಿಯಲ್ಲೇ ಕೂತಿರುವ ಅದು ಬಂದ ಕಣದ ಒಂದು ಚೂರನ್ನು ಹಿಡಿದು ಹತ್ತಿರದ ದುಗ್ಧರಸ ಗ್ರಂಥಿಗೆ ಒಯ್ಯುತ್ತದೆ. ಅಲ್ಲಿ ಟಿ ಕೋಶಗಳಿಗೆ ತೋರಿಸುತ್ತದೆ.

ಟಿ ಕೋಶ ಏನು ಕಲಿಯುತ್ತದೆ ಎಂಬುದರ ಮೇಲೆ ಮುಂದಿನ ನಲವತ್ತು ವರ್ಷದ ಉಸಿರು ನಿಂತಿದೆ. ಬಹಳ ಜನರಲ್ಲಿ ಅದು ‘ಇದು ಬರೀ ಧೂಳು, ಬಿಡು’ ಎಂದು ಕಲಿಯುತ್ತದೆ. ಕೆಲವರಲ್ಲಿ ‘ಇದು ಹುಳ’ ಎಂದು ಕಲಿಯುತ್ತದೆ. ಸಹಾಯಕ ಟಿ ಕೋಶಗಳಲ್ಲಿ ಎರಡು ಬಳಗಗಳಿವೆ ಎಂದು ಮೋಸ್‌ಮನ್ ಮತ್ತು ಕಾಫ್‌ಮನ್ 1986ರಲ್ಲಿ ತೋರಿಸಿದರು. ಎರಡನೆಯ ಬಳಗದ ಕಸುಬು ಮುಖ್ಯವಾಗಿ ಹೊಟ್ಟೆಹುಳ, ಕೊಕ್ಕೆಹುಳಗಳಂಥ ಪರೋಪಜೀವಿಗಳನ್ನು ಓಡಿಸುವುದು. ಧೂಳನ್ನು ಹುಳವೆಂದು ಬಗೆದ ಮೈಯಲ್ಲಿ ಏಳುವುದು ಇದೇ ಬಳಗ. ಅದು ಇಂಟರ್‌ಲ್ಯೂಕಿನ್-4, 5 ಮತ್ತು 13ರ ಮೂಲಕ ಮೂರು ಕಡೆ ಹೇಳಿಕಳಿಸುತ್ತದೆ. ಬಿ ಕೋಶಗಳಿಗೆ ‘ಐಜಿಇ ಮಾಡಿ’ ಎಂದು, ಎಲುಬಿನ ಮಜ್ಜೆಗೆ ‘ಇಸಿನೊಫಿಲ್ ಕಳಿಸಿ’ ಎಂದು, ನಾಳದ ಒಳಪದರಕ್ಕೆ ‘ಲೋಳೆ ಹೆಚ್ಚಿಸು’ ಎಂದು. ಯಾವ ಪಾಠವೂ ಇಲ್ಲದೆ ಇದೇ ಕೆಲಸ ಮಾಡುವ ಇನ್ನೊಂದು ಕೋಶಬಳಗ 2010ರಲ್ಲಿ ಪತ್ತೆಯಾಯಿತು. ಅಲರ್ಜಿಯೇ ಇಲ್ಲದವರಿಗೂ ಇಸಿನೊಫಿಲ್ ತುಂಬಿದ ದಮ್ಮು ಬರುವುದು ಹೇಗೆ ಎಂಬ ಹಳೆಯ ತೊಡಕು ಅದರಿಂದ ಒಂದಿಷ್ಟು ಬಿಡಿಸಿಕೊಂಡಿತು.

ಐಜಿಇ ಕಂಡುಹಿಡಿದ ಕಥೆ ಮೀನಿನಿಂದ ಸುರುವಾಗುತ್ತದೆ. ಜರ್ಮನಿಯ ವೈದ್ಯ ಕ್ಯೂಸ್ಟ್ನರ್‌ಗೆ ಬೇಯಿಸಿದ ಮೀನು ತಿಂದರೆ ಮೈ ಊದುತ್ತಿತ್ತು. 1921ರಲ್ಲಿ ಅವರ ಸಹೋದ್ಯೋಗಿ ಪ್ರಾಸ್ನಿಟ್ಸ್, ಕ್ಯೂಸ್ಟ್ನರ್ ರಕ್ತದ ತಿಳಿಯನ್ನು ತನ್ನ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅಲ್ಲಿಗೇ ಮೀನಿನ ಸಾರ ಚುಚ್ಚಿಕೊಂಡರು. ಆ ಜಾಗ ಮಾತ್ರ ಕೆಂಪಾಗಿ ಊದಿತು. ಅಲರ್ಜಿಯನ್ನು ಹೊತ್ತೊಯ್ಯುವ ಏನೋ ಒಂದು ರಕ್ತದಲ್ಲಿದೆ ಎಂದು ಗೊತ್ತಾಯಿತು. ಅದು ಏನು ಎಂದು ತಿಳಿಯಲು ಮತ್ತೆ 45 ವರ್ಷ ಹಿಡಿಯಿತು. 1966ರಲ್ಲಿ ಅಮೆರಿಕದಲ್ಲಿದ್ದ ಜಪಾನೀ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ಅದನ್ನು ಹಿಡಿದರು. ಅದೇ ಹೊತ್ತಿಗೆ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಚ್ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಇಶಿಜಾಕಾ ದಂಪತಿ ಬಳಸಿದ್ದು ರ‍್ಯಾಗ್‌ವೀಡ್ ಎಂಬ ಕಳೆಯ ಅಲರ್ಜಿ ಇದ್ದವರ ರಕ್ತ. ನಮ್ಮ ಹೊಲದ ಬದುಗಳನ್ನು ನುಂಗಿರುವ ಕಾಂಗ್ರೆಸ್ ಕಸ ಆ ಕಳೆಯ ಹತ್ತಿರದ ಬಳಗದ್ದು. ಅದರ ಪರಾಗವೂ ಮೂಗು ಸೋರಿಸಿ, ಕೆಲವರ ಎದೆಗೂ ಇಳಿಯುತ್ತದೆ.

ತಯಾರಾದ ಐಜಿಇ ಹೋಗಿ ಕೂಡುವುದು ಮಾಸ್ಟ್ ಕೋಶಗಳ ಮೈಮೇಲೆ. ಪಾಲ್ ಎರ್ಲಿಚ್ 1878ರಲ್ಲಿ ಈ ಕೋಶಗಳನ್ನು ಬಣ್ಣ ಹಾಕಿ ನೋಡಿದಾಗ ಒಳಗೆ ಗಿಡಿದು ತುಂಬಿದ ಹರಳುಗಳನ್ನು ಕಂಡು, ಚೆನ್ನಾಗಿ ಉಂಡ ಕೋಶಗಳೆಂದು ಭಾವಿಸಿ ಆ ಹೆಸರಿಟ್ಟರು. ಅವು ಉಂಡದ್ದಲ್ಲ, ಕಟ್ಟಿಟ್ಟುಕೊಂಡ ಬುತ್ತಿ. ಒಳಗಿರುವುದು ಹಿಸ್ಟಮಿನ್. ಪರಿಚಯದ ಧೂಳು ಮತ್ತೆ ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಜೋಡಿಸಿದರೆ ಸಾಕು, ಕೆಲವೇ ನಿಮಿಷಗಳಲ್ಲಿ ಬುತ್ತಿ ಬಿಚ್ಚುತ್ತದೆ. ಅದರ ಬೆನ್ನಿಗೇ ಲ್ಯೂಕೋಟ್ರೈನ್‌ಗಳು ಹುಟ್ಟುತ್ತವೆ. ಸ್ನಾಯು ಬಿಗಿಯುತ್ತದೆ, ರಕ್ತನಾಳ ಸೋರುತ್ತದೆ, ಸೀನು ಬರುತ್ತದೆ. ಕಾಕಾ ಚಹಾದ ಹೊತ್ತಿಗೆ ಪಡುತ್ತಿದ್ದ ತ್ರಾಸು ಇದು. ಒಂದೆರಡು ತಾಸಿನಲ್ಲಿ ಇಳಿದುಹೋಗುತ್ತದೆ. ಎಲ್ಲ ಮುಗಿಯಿತು ಎಂದು ಅವರು ನಂಬುತ್ತಿದ್ದುದೂ ಸಹಜವೇ.

ಆದರೆ ಕರೆ ಆಗಲೇ ಹೋಗಿರುತ್ತದೆ. ರಾಶಿ ದಿನ ಆಳು ಸಾಲದೆ ಪಕ್ಕದ ಊರಿಗೆ ಹೇಳಿಕಳಿಸಿದ ಹಾಗೆ, ಇಂಟರ್‌ಲ್ಯೂಕಿನ್-5ರ ಹೇಳಿಕೆ ಮೇರೆಗೆ ಇಸಿನೊಫಿಲ್‌ಗಳು ಮಜ್ಜೆಯಿಂದ ರಕ್ತಕ್ಕೆ, ರಕ್ತದಿಂದ ನಾಳದ ಗೋಡೆಗೆ ಬಂದು ಸೇರುತ್ತವೆ. ಅವು ಬಂದು ಗುಂಪುಗೂಡಲು ನಾಲ್ಕರಿಂದ ಎಂಟು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟರಲ್ಲಿ ನಡುರಾತ್ರಿ. ಉರಿಯೂತವನ್ನು ಹಿಡಿದಿಡುವ ಕಾರ್ಟಿಸಾಲ್ ಎಂಬ ನಮ್ಮ ಮೈಯದೇ ಹಾರ್ಮೋನು ಆ ಹೊತ್ತಿಗೆ ತೀರ ಕಡಿಮೆ ಇರುತ್ತದೆ. ಶ್ವಾಸನಾಳಗಳು ಎಲ್ಲರಲ್ಲೂ ದಿನದಲ್ಲಿ ಅತಿ ಕಿರಿದಾಗುವುದು ನಸುಕಿನ ನಾಲ್ಕರ ಸುಮಾರಿಗೆ. ಗಟ್ಟಿಮುಟ್ಟಾದವರಿಗೆ ಅದು ಅರಿವಿಗೇ ಬರುವುದಿಲ್ಲ. ಕರೆದ ಆಳುಗಳು ತುಂಬಿ ಊದಿಕೊಂಡ ನಾಳಕ್ಕೆ ಅಷ್ಟೇ ಸಾಕು. ಕಾಕಾನ ಲೆಕ್ಕ ಸರಿಯಾಗಿಯೇ ಇತ್ತು. ಹಗಲಿನ ಧೂಳಿಗೆ ಮೈ ಕೊಟ್ಟ ಎರಡನೆಯ ಉತ್ತರವೇ ಆ ರಾತ್ರಿಯ ದಮ್ಮು.

ಇಸಿನೊಫಿಲ್‌ಗೂ ಹೆಸರಿಟ್ಟದ್ದು ಎರ್ಲಿಚ್ ಅವರೇ, 1879ರಲ್ಲಿ. ಇಸಿನ್ ಎಂಬ ಕೆಂಬಣ್ಣವನ್ನು ಈ ಕೋಶದ ಹರಳುಗಳು ಹೀರಿಕೊಳ್ಳುತ್ತವೆ. ಆ ಹೆಸರಿನ ಮೂಲ ಇಯೋಸ್, ಗ್ರೀಕ್ ಮಾತಿನಲ್ಲಿ ನಸುಕು. ನಸುಕಿನ ಬಣ್ಣದ ಕೋಶ ನಸುಕಿಗೇ ಬಂದು ಕಾಡುತ್ತದೆ. ಇದರ ಹರಳಿನೊಳಗಿನ ಪ್ರೋಟೀನುಗಳು ಹುಳದ ಗಟ್ಟಿ ತೊಗಲನ್ನೂ ಕೆಡಿಸುವಷ್ಟು ತೀಕ್ಷ್ಣ. ಹುಳವಿಲ್ಲದ ಕಡೆ ಅವು ಸುರಿದರೆ ಸುಡುವುದು ನಮ್ಮದೇ ನಾಳದ ಒಳಮೈಯನ್ನು. ಅಂಟು ಕಫದಲ್ಲಿ ಸೂಜಿಯಂಥ ಹೊಳೆಯುವ ಹರಳುಗಳನ್ನು ಹತ್ತೊಂಬತ್ತನೇ ಶತಮಾನದ ವೈದ್ಯರಾದ ಶಾರ್ಕೊ ಮತ್ತು ಲೇಡೆನ್ ಕಂಡಿದ್ದರು. ಅವು ಸತ್ತ ಇಸಿನೊಫಿಲ್‌ಗಳಿಂದ ಬಂದ ಒಂದು ಪ್ರೋಟೀನಿನ ಹರಳುಗಳು. ಬರೀ ಕಸವೆಂದು ನೂರಕ್ಕೂ ಹೆಚ್ಚು ವರ್ಷ ನಂಬಿದ್ದ ಅವು ತಾವೇ ಉರಿಯೂತ ಹೆಚ್ಚಿಸುತ್ತವೆ ಎಂದು 2019ರಲ್ಲಿ ತಿಳಿಯಿತು.

ನಮ್ಮ ಕಡೆ ರಕ್ತ ಪರೀಕ್ಷೆಯ ಚೀಟಿ ಹಿಡಿದು ಬಂದವರು ‘ಇಸ್ನೋಫಿಲಿಯಾ ಆಗ್ಯದಂತ’ ಎನ್ನುತ್ತಾರೆ, ಅದೇ ಒಂದು ಬ್ಯಾನಿ ಎಂಬಂತೆ. ಅದು ಬ್ಯಾನಿಯ ಹೆಸರಲ್ಲ, ಆಳು ಹೆಚ್ಚಾಗಿ ಬಂದಿದ್ದಾರೆ ಎಂಬ ಸುದ್ದಿ ಮಾತ್ರ. ಯಾಕೆ ಬಂದಿದ್ದಾರೆ ಎಂದು ಕೇಳಬೇಕು. ಬೀದರ್ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಕಲಬುರಗಿ, ಯಾದಗಿರಿ, ರಾಯಚೂರುಗಳಂತೆ ಬೀದರ್ ಕೂಡ ಆನೆಕಾಲು ರೋಗದ ಜಿಲ್ಲೆಗಳ ಪಟ್ಟಿಯಲ್ಲಿದ್ದದ್ದು. ಮನೆಮನೆಗೆ ಡಿಇಸಿ ಗುಳಿಗೆ ಹಂಚಿದ್ದು ಬಹಳ ಜನರಿಗೆ ನೆನಪಿರುತ್ತದೆ. ಆ ರೋಗ ತರುವ, ಸೊಳ್ಳೆಯಿಂದ ಮೈಗೆ ಬಂದ ಫೈಲೇರಿಯಾ ಹುಳದ ಮರಿಗಳು ಕೆಲವರಲ್ಲಿ ಪುಪ್ಪುಸದ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತವೆ. ಮೈ ಅವುಗಳ ಮೇಲೆ ಇಸಿನೊಫಿಲ್‌ಗಳನ್ನು ಹಿಂಡುಹಿಂಡಾಗಿ ಬಿಡುತ್ತದೆ. ರಾತ್ರಿ ಕೆಮ್ಮು, ಸುಂಯ್ ಸದ್ದು, ದಮ್ಮು, ಸಣ್ಣ ಜ್ವರ, ತೂಕ ಇಳಿತ. ನೋಡಿದವರು ಅಸ್ತಮಾ ಎನ್ನುತ್ತಾರೆ, ಇಲ್ಲವೇ ಟಿಬಿ ಎನ್ನುತ್ತಾರೆ.

ಟಿಬಿಯ ಗೊಂದಲವೇ ಇದನ್ನು ಬೆಳಕಿಗೆ ತಂದದ್ದು. ನಮ್ಮ ರಾಜ್ಯದ ಗಡಿಯಾಚೆಯ ಮದನಪಲ್ಲಿಯ ಟಿಬಿ ಆಸ್ಪತ್ರೆಯಲ್ಲಿ ಫ್ರಿಮೋಟ್-ಮೋಲರ್ ಮತ್ತು ಬಾರ್ಟನ್ ಎಂಬ ವೈದ್ಯರು 1940ರಲ್ಲಿ ಬರೆದರು: ಕ್ಷಯದಂತೆಯೇ ಕಾಣುವ, ಆದರೆ ಕ್ಷಯವಲ್ಲದ, ರಕ್ತದ ತುಂಬ ಇಸಿನೊಫಿಲ್ ಇರುವ ರೋಗಿಗಳು ತಮಗೆ ಸಿಗುತ್ತಿದ್ದಾರೆ ಎಂದು. 1943ರಲ್ಲಿ ವೈನ್‌ಗಾರ್ಟನ್ ಭಾರತದ ಇಂಥ ರೋಗಿಗಳ ಬಗ್ಗೆ ಬರೆದು ಅದಕ್ಕೊಂದು ಹೆಸರು ಕೊಟ್ಟರು. ಅವರ ರೋಗಿಯೊಬ್ಬರಿಗೆ ಸಿಫಿಲಿಸ್ ರೋಗವೂ ಇತ್ತು. ಅದಕ್ಕೆಂದು ಪಾಷಾಣದ ಔಷಧ ಕೊಟ್ಟರೆ ಉಬ್ಬಸವೂ ನಿಂತುಹೋಯಿತು. ಮೂಲದಲ್ಲಿ ಹುಳವಿದೆ ಎಂಬುದು ಖಚಿತವಾದದ್ದು ಆಮೇಲೆ. ಈಗ ಡಿಇಸಿ ಗುಳಿಗೆ ಮೂರು ವಾರ ಕೊಟ್ಟರೆ ಹೆಚ್ಚಿನವರು ಗುಣವಾಗುತ್ತಾರೆ. ಅಸ್ತಮಾದಲ್ಲಿ ಇಸಿನೊಫಿಲ್ ಎಣಿಕೆ ರಕ್ತದ ಒಂದು ಮೈಕ್ರೋಲೀಟರಿಗೆ ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿ ಏರುತ್ತದೆ, ಇದರಲ್ಲಿ 3000 ದಾಟುತ್ತದೆ. ಸಣ್ಣ ಲ್ಯಾಬಿನಲ್ಲೂ ಆಗುವ ಒಂದು ರಕ್ತ ಪರೀಕ್ಷೆಯಿಂದ ಸುಳಿವು ಸಿಗುವ ವಿಷಯ. ಅದನ್ನು ನೋಡದೆ ವರ್ಷಗಟ್ಟಲೆ ದಮ್ಮಿನ ಗುಳಿಗೆ ನುಂಗಿಸುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ಹುಳಕ್ಕೆಂದೇ ಹುಟ್ಟಿದ ಕೋಶ ಇಲ್ಲಿ ಸರಿಯಾದ ವೈರಿಯನ್ನೇ ಹಿಡಿದಿರುತ್ತದೆ. ಆದರೂ ಉಸಿರು ಕಟ್ಟುವುದು ನಮ್ಮದು.

ಧೂಳೇ ವೈರಿ ಎಂದು ಹೇಳಿ ಮುಗಿಸಲೂ ಬರುವುದಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಎರಡು ದಶಕ ಕಾಲ ಆ ಊರಿನ ಮಕ್ಕಳನ್ನು ನೋಡುತ್ತ ಬಂದರು. ಅವರ ಲೆಕ್ಕದಲ್ಲಿ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಯಿತು. ಏರಿದ್ದು ಹೊಲದ ಧೂಳಲ್ಲ, ಊರಿನ ವಾಹನ. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವಂತೂ ನಮ್ಮ ಕೊಟ್ಟಿಗೆಗಳನ್ನೇ ನೆನಪಿಸುತ್ತದೆ. ಆಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳು. ಮೂಲ, ಊಟ, ಬದುಕು ಹೆಚ್ಚುಕಡಿಮೆ ಒಂದೇ. ಆಮಿಶರು ಕುದುರೆಯಿಂದ ಉಳುತ್ತಾರೆ, ದನ ಮನೆಗೆ ಅಂಟಿಯೇ ಇರುತ್ತದೆ. ಹಟರೈಟರದು ಯಂತ್ರದ ದೊಡ್ಡ ಕಮತ, ದನ ಮನೆಯಿಂದ ದೂರ. ಆಮಿಶ್ ಮಕ್ಕಳಲ್ಲಿ ಅಸ್ತಮಾ ಶೇ 5.2, ಹಟರೈಟ್ ಮಕ್ಕಳಲ್ಲಿ ಶೇ 21.3. ಆಮಿಶ್ ಮನೆಗಳ ಧೂಳಿನಲ್ಲಿ ಬ್ಯಾಕ್ಟೀರಿಯಾದ ಅಂಶ ಏಳು ಪಟ್ಟಿನಷ್ಟು. ಕೂಸಿದ್ದಾಗಲೇ ಅಂಥ ಗಾಳಿ ಕುಡಿದ ಮೈಯಲ್ಲಿ ಮೊದಲ ಸಾಲಿನ ರೋಗನಿರೋಧಕ ಕೋಶಗಳು ಬೇರೆ ಬಗೆಯಲ್ಲಿ ಪಳಗಿರುತ್ತವೆ. ಎಲ್ಲಕ್ಕೂ ಎಗರಿ ಬೀಳುವುದಿಲ್ಲ. ಹೀಗೆ ತಡೆದು ನಿಲ್ಲಿಸುವ ಒಂದು ಬಳಗ ಟಿ ಕೋಶಗಳಲ್ಲೂ ಇದೆ. ಅದರ ಶೋಧಕ್ಕಾಗಿ 2025ರ ನೊಬೆಲ್ ಸಾಕಾಗುಚಿ, ಬ್ರಂಕೋ ಮತ್ತು ರ‍್ಯಾಮ್ಸ್‌ಡೆಲ್‌ ಅವರಿಗೆ ಸಿಕ್ಕಿತು. ಆಕಳ ಬಗಲಲ್ಲಿ ಬೆಳೆದ ಕೂಸಿಗೆ ಕೊಟ್ಟಿಗೆಯ ಗಾಳಿ ಆಸರೆಯಾದೀತು. ಒಮ್ಮೆ ಗುರುತು ಬಿದ್ದ ಐವತ್ತರ ಮನುಷ್ಯನಿಗೆ ಆ ಮಾತು ಹೇಳಿ ಮಷಿನ್ ಮುಂದೆ ನಿಲ್ಲಿಸುವಂತಿಲ್ಲ.

ಒಲೆ ಊದುವ ಹೆಣ್ಣುಮಕ್ಕಳ ದಮ್ಮು ಬೇರೆಯದೇ ಮಾತು. ತೊಗರಿ ಕಟ್ಟಿಗೆಯ ಹೊಗೆ, ಕಬ್ಬಿನ ರವದಿ ಸುಟ್ಟ ಹೊಗೆ, ಬೀಡಿಯ ಹೊಗೆ ಕರೆಯುವುದು ಇಸಿನೊಫಿಲ್‌ಗಿಂತ ಹೆಚ್ಚಾಗಿ ನ್ಯೂಟ್ರೊಫಿಲ್‌ಗಳನ್ನು. ಅಲ್ಲಿ ಉರಿಯೂತ ತಗ್ಗಿಸುವ ಸ್ಟಿರಾಯ್ಡ್ ಔಷಧ ಅಷ್ಟು ಚೆನ್ನಾಗಿ ನಾಟುವುದಿಲ್ಲ. ಹೊಗೆ ತಪ್ಪಿಸುವುದೇ ಮೊದಲ ಔಷಧ.

ಇನ್ನು ಉಪಚಾರ. ಮಿರಗದ ಮಳೆ ಕೂಡುವ ಜೂನ್ ಮೊದಲ ವಾರ ಬಂತೆಂದರೆ ನಮ್ಮ ಭಾಗದಿಂದ ಹೈದರಾಬಾದಿನ ನಾಂಪಲ್ಲಿಗೆ ಜನ ಹೊರಡುತ್ತಾರೆ, ಮೀನಿನ ಔಷಧಕ್ಕೆ. ಕೊರವ ಮೀನಿನ ಮರಿಯ ಬಾಯಿಗೆ ಹಳದಿ ಮುದ್ದೆ ಇಟ್ಟು ಜೀವಂತ ನುಂಗಿಸುತ್ತಾರೆ, ಮೀನು ಒಲ್ಲದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಕೊಪ್ಪಳ ಬಳಿಯ ಕುಟುಗನಹಳ್ಳಿಯಲ್ಲೂ ಅದೇ ಮುಹೂರ್ತಕ್ಕೆ ಔಷಧ ಹಂಚುತ್ತಾರೆ. ಕಾಕಾ ನಾಂಪಲ್ಲಿಗೆ ಮೂರು ವರ್ಷ ಹೋಗಿದ್ದರು, ಬೆಲ್ಲದ್ದು ತಿಂದು ಬಂದಿದ್ದರು. ಅವರ ಭಕ್ತಿಯನ್ನು ನಾನು ಹಗುರವಾಗಿ ಕಾಣಲಾರೆ. ಉಸಿರು ಸಿಗದವನು ಎಲ್ಲಿಗೂ ಹೋಗುತ್ತಾನೆ. ಆದರೆ ದಮ್ಮು ತಾನಾಗಿಯೇ ಏರಿ ಇಳಿಯುವ ಬ್ಯಾನಿ. ಜೂನಿನಿಂದ ಸೋಯಾ ರಾಶಿಯವರೆಗೆ ಅವರು ಹೇಗೂ ಆರಾಮ ಇರುತ್ತಿದ್ದರು. ಕರೆಯುವ ಧೂಳಿಲ್ಲದಾಗ ಕೋಶಗಳೂ ಬರುವುದಿಲ್ಲ. ಆಶ್ವೀಜದಲ್ಲಿ ಮತ್ತೆ ಅದೇ ಮಂಚದ ಅಂಚು.

ಆ ರಾತ್ರಿಗಳಲ್ಲಿ ಸಿಗುತ್ತಿದ್ದದ್ದು ಒಂದು ಸೂಜಿ, ನಾಲ್ಕು ಗುಳಿಗೆ. ನೀಲಿ ಪಂಪಿನಲ್ಲಿ, ಅಂದರೆ ಇನ್ಹೇಲರಿನಲ್ಲಿ, ಇರುವ ಸಾಲ್ಬುಟಮಾಲ್ ಆಗಲಿ, ಅದೇ ಜಾತಿಯ ಗುಳಿಗೆಯಾಗಲಿ ಸ್ನಾಯುವಿನ ಉಂಗುರವನ್ನು ನಾಲ್ಕಾರು ತಾಸು ಸಡಿಲಿಸುತ್ತದೆ. ಪ್ರಾಣ ಉಳಿಸುತ್ತದೆ. ಗೋಡೆಯಲ್ಲಿ ನೆರೆದ ಇಸಿನೊಫಿಲ್‌ಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ಅವು ಹಾಗೇ ಉಳಿದು ವರ್ಷದಿಂದ ವರ್ಷಕ್ಕೆ ಗೋಡೆ ದಪ್ಪಗಟ್ಟುತ್ತದೆ, ಕಲೆಗಟ್ಟುತ್ತದೆ. ಭಾರತದಲ್ಲಿ ಸುಮಾರು 3.4 ಕೋಟಿ ಜನರಿಗೆ ಅಸ್ತಮಾ ಇದೆ ಎಂಬುದು 2019ರ ಜಾಗತಿಕ ಅಂದಾಜು. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ಶೇ 13, ಅದರಿಂದ ಸಾಯುವವರಲ್ಲಿ ಶೇ 40ಕ್ಕೂ ಹೆಚ್ಚು. ಸೂಜಿ, ನೀಲಿ ಪಂಪುಗಳಿಗೆ ನಿಂತುಬಿಡುವ ಉಪಚಾರಕ್ಕೆ ಈ ಅಂತರದಲ್ಲಿ ದೊಡ್ಡ ಪಾಲಿದೆ ಎಂದೇ ನಾನು ನಂಬಿದ್ದೇನೆ. ಸಾಲ್ಬುಟಮಾಲ್ ಒಂದನ್ನೇ ನೆಚ್ಚಬೇಡಿ ಎಂದು ಅಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ 2019ರಲ್ಲಿ ಬದಲಾಯಿತು.

ಕೋಶಗಳನ್ನು ಕರೆಯುವ ಧ್ವನಿಯನ್ನೇ ಅಡಗಿಸುವುದು ಉಸಿರಲ್ಲಿ ಎಳೆದುಕೊಳ್ಳುವ ಸ್ಟಿರಾಯ್ಡ್. 1972ರಲ್ಲಿ ಬೆಕ್ಲೊಮೆಥಸೋನ್ ಪಂಪ್ ಬಂದಾಗಿನಿಂದ ಇದು ಇದೆ. ಇಂಟರ್‌ಲ್ಯೂಕಿನ್ ಸಿಗದ ಇಸಿನೊಫಿಲ್‌ಗಳು ತಾವಾಗಿಯೇ ಸಾಯುತ್ತವೆ, ಮ್ಯಾಕ್ರೊಫೇಜ್‌ಗಳು ಬಳಿದುಹಾಕುತ್ತವೆ. ‘ಪಂಪ ಹಿಡದ್ರ ಬಿಡ್ಲಾಕ ಬರಂಗಿಲ್ಲ, ಚಟ ಹತ್ತತದ’ ಎಂಬ ಹೆದರಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ಅದೇ ಜನ ‘ದಮ್ಮಿನ ಗುಳಿಗಿ’ ಎಂದು ನುಂಗುವುದರಲ್ಲೂ ಎಷ್ಟೋ ಸಲ ಸ್ಟಿರಾಯ್ಡೇ ಇರುತ್ತದೆ, ಮಿಲಿಗ್ರಾಂ ಲೆಕ್ಕದಲ್ಲಿ, ಮೈಗೆಲ್ಲ ಹರಡುವಂತೆ. ಪಂಪಿನಲ್ಲಿರುವುದು ಮೈಕ್ರೋಗ್ರಾಂ, ಅದರ ಸಾವಿರದಲ್ಲೊಂದು ಪಾಲಿನ ಅಳತೆ, ಅದೂ ನೇರ ನಾಳಕ್ಕೆ. ಎಲುಬು ಸವೆಸಿ, ಸಕ್ಕರೆ ಏರಿಸಿ, ಕಣ್ಣಿಗೆ ಪೊರೆ ತರುವುದು ಹೆಚ್ಚಾಗಿ ವರ್ಷಗಟ್ಟಲೆ ನುಂಗಿದ ಗುಳಿಗೆ.

ಅದಕ್ಕೂ ಬಗ್ಗದ ದಮ್ಮಿಗೆ ಈಗ ಒಂದೊಂದು ಸಂದೇಶವನ್ನೇ ಹಿಡಿದು ಕಟ್ಟುವ ಚುಚ್ಚುಮದ್ದುಗಳಿವೆ. ಐಜಿಇ ಹಿಡಿಯುವ ಒಮಾಲಿಜುಮ್ಯಾಬ್ 2003ರಲ್ಲಿ, ಇಂಟರ್‌ಲ್ಯೂಕಿನ್-5 ಹಿಡಿಯುವ ಮೆಪೊಲಿಜುಮ್ಯಾಬ್ 2015ರಲ್ಲಿ, ಡಂಗುರವನ್ನೇ ತಡೆಯುವ ಟೆಜೆಪೆಲುಮ್ಯಾಬ್ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಮೆಪೊಲಿಜುಮ್ಯಾಬ್ ಮೊದಮೊದಲ ಪ್ರಯೋಗಗಳಲ್ಲಿ ಸೋತಿತ್ತು, ಯಾಕೆಂದರೆ ಕಂಡ ಕಂಡ ಅಸ್ತಮಾ ರೋಗಿಗಳಿಗೆಲ್ಲ ಕೊಟ್ಟಿದ್ದರು. ಇಸಿನೊಫಿಲ್ ಹೆಚ್ಚಿದ್ದವರನ್ನೇ ಆರಿಸಿ ಕೊಟ್ಟಾಗ, 2009ರಲ್ಲಿ, ಅದು ಕೆಲಸ ಮಾಡಿತು. ಇವುಗಳ ಬೆಲೆ ನಮ್ಮ ರೈತರ ಕೈಗೆ ಎಟುಕುವಂಥದ್ದಲ್ಲ. ಪಂಪ್ ಎಟುಕುತ್ತದೆ, ಹೆಚ್ಚಿನವರಿಗೆ ಅದೇ ಸಾಕಾಗುತ್ತದೆ.

ಕಾಕಾ ಒಪ್ಪಿದ್ದು ತಡವಾಗಿ, ಒಂದು ಕೆಟ್ಟ ರಾತ್ರಿ ಬೀದರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದ ಮೇಲೆ. ಈಗ ರಾಶಿ ದಿನ ಅವರು ಮಷಿನ್ನಿನ ಮೇಲುಗಾಳಿಗೆ ದೂರ ನಿಲ್ಲುತ್ತಾರೆ, ಮೂಗು ಬಾಯಿಗೆ ಒದ್ದೆ ಪಂಚೆ ಕಟ್ಟಿ, ಚೀಲದ ಲೆಕ್ಕ ಮಾತ್ರ ಹಿಡಿಯುತ್ತಾರೆ. ಪಂಪ್ ಇರುವುದು ದೇವರ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕ. ಮುಂಜಾನೆ ಲಿಂಗಪೂಜೆ ಮುಗಿಸಿ ಎರಡು ಸಲ ಎಳೆದುಕೊಳ್ಳುತ್ತಾರೆ. ಎಳೆದು ಉಸಿರು ಹಿಡಿದು ಹತ್ತು ಎಣಿಸುತ್ತಾರೆ, ಆಮೇಲೆ ಅಂಗಳಕ್ಕೆ ಬಂದು, ವೈದ್ಯರು ಹೇಳಿದಂತೆ, ಬಾಯಿ ಮುಕ್ಕಳಿಸಿ ತುಳಸಿಕಟ್ಟೆಯಿಂದ ಒಂದಿಷ್ಟು ದೂರಕ್ಕೆ ಉಗುಳುತ್ತಾರೆ.